ಹ್ಯಾಸ್ಕೆಲ್ ಲೈಬ್ರರಿಗಳಿಗೊಬ್ಬ ನೀರುಗಂಟಿ: ಹಂಚಿಕೊಂಡ ಕೋಡನ್ನು ಹದದಲ್ಲಿಡುವ ಸಮಗ್ರ ಮಾರ್ಗದರ್ಶಿ

ಮಂಡ್ಯ ಸೀಮೆಯ ನಾಲೆ ಬಯಲಿನಲ್ಲಿ ನೀರುಗಂಟಿ ಗದ್ದೆಗಳ ಒಡೆಯನಲ್ಲ. ಯಾವ ತೂಬು ಯಾವಾಗ ಎತ್ತಬೇಕು, ಯಾರ ಸರದಿ ಮೊದಲು, ಏರಿ ಎಲ್ಲಿ ಸೋರುತ್ತಿದೆ ಎಂಬುದಷ್ಟೇ ಅವನ ಕೆಲಸ. ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹತ್ತು ಜನ ಸೇರಿ ಬರೆಯುವ ಲೈಬ್ರರಿಗಳಿಗೂ (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡಿನ ಕಂತೆಗಳಿಗೂ) ಅಂಥ ಒಬ್ಬರು ಬೇಕು. ಕೋಡ್ ಬರೆಯುವವರು ಸಿಗುತ್ತಾರೆ. ಮಿತಿ ನೋಡುವವರು, ಬಿಡುಗಡೆಯ ಸರದಿ ಹಿಡಿಯುವವರು ಸಿಗುವುದು ಕಷ್ಟ.

ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಮೈಸೂರು, ಮಂಡ್ಯದಲ್ಲಿ ಹ್ಯಾಸ್ಕೆಲ್ ಬರೆಯುವ ಆರೇಳು ಜನರ ಒಂದು ಗುಂಪು, ನಾಲ್ಕು ಲೈಬ್ರರಿ. ‘ಅಳತೆ’ ಎಂಬುದು ಎಕರೆ-ಗುಂಟೆ, ಕ್ಯೂಸೆಕ್, ಟಿಎಂಸಿ ಮುಂತಾದ ಮಾನಗಳ ಟೈಪ್‌ಗಳನ್ನು ಕೊಡುತ್ತದೆ. ಅದಕ್ಕೆ ಕಂಪೈಲರ್ ಜೊತೆಗೇ ಬರುವ ಮೂಲ ಲೈಬ್ರರಿ ಬೇಸ್ ಬಿಟ್ಟು ಬೇರೇನೂ ಬೇಡ. ‘ಪಠ್ಯ’ ಕನ್ನಡ ಅಕ್ಷರಗಳನ್ನು ಒಂದು ರೂಪಕ್ಕೆ ತರುತ್ತದೆ. ‘ಪಹಣಿ’ ಜಮೀನಿನ ದಾಖಲೆ ಓದುವ ಪಾರ್ಸರ್. ಇದಕ್ಕೆ ಮೊದಲಿನ ಎರಡೂ ಬೇಕು, ಪಾರ್ಸರ್ ಬರೆಯಲು ನೆರವಾಗುವ ಮೆಗಾಪಾರ್ಸೆಕ್ ಲೈಬ್ರರಿ ಕೂಡ. ‘ಜಲಾಶಯ’ ಅಣೆಕಟ್ಟಿನ ಮಟ್ಟ, ಒಳಹರಿವಿನ ಅಂಕಿಗಳನ್ನು ಜೇಸನ್ ರೂಪದಲ್ಲಿ ಕೊಡುತ್ತದೆ. ಇದಕ್ಕೂ ಮೊದಲಿನ ಎರಡು ಬೇಕು, ಜೊತೆಗೆ ಜೇಸನ್ ಓದಿ ಬರೆಯುವ ಈಸನ್ ಪ್ಯಾಕೇಜ್.

ಯಾವುದನ್ನು ಹೊರತೆಗೆಯಬೇಕು

ಎರಡು ಕಡೆ ನಿಜವಾಗಿ ಬಳಕೆಯಲ್ಲಿರುವ ಕೋಡನ್ನು ಮಾತ್ರ ಲೈಬ್ರರಿ ಮಾಡಿ. ಮುಂದೆ ಬೇಕಾಗಬಹುದು ಎಂದು ಮಾಡಿದ್ದು ನಿರ್ವಹಣೆಯ ಹೊರೆಯಾಗಿ ಉಳಿಯುತ್ತದೆ.

ಹೊರತೆಗೆಯಲು ಒಳ್ಳೆಯ ಕಾರಣ ಹೇಗಿರುತ್ತದೆ ಎಂಬುದಕ್ಕೆ ಎಕರೆ-ಗುಂಟೆಯೇ ಸಾಕ್ಷಿ. 2.15 ಎಂದು ಬರೆದಿದ್ದರೆ ಅದು ಎರಡು ಎಕರೆ ಹದಿನೈದು ಗುಂಟೆ. ಎಕರೆಗೆ 40 ಗುಂಟೆ, ಹಾಗಾಗಿ ಒಟ್ಟು 95 ಗುಂಟೆ. ಇದನ್ನೇ ಡಬಲ್ (ದಶಮಾಂಶ ಸಂಖ್ಯೆ) ಆಗಿ ಓದಿ 40ರಿಂದ ಗುಣಿಸಿದರೆ 86 ಬರುತ್ತದೆ. ಒಂಬತ್ತು ಗುಂಟೆ ಮಾಯ, ಕಂಪೈಲರ್‌ನಿಂದ ಒಂದು ಚಕಾರವಿಲ್ಲ. ಅದೇ ಗುಂಪಿನ ಇನ್ನೊಂದು ಲೈಬ್ರರಿಯಲ್ಲಿ ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ ಎಂದಿರುವಾಗ ಅಲ್ಲಿನ ಚುಕ್ಕೆ ನಿಜವಾದ ದಶಮಾಂಶ. ಒಂದೇ ಚುಕ್ಕೆಗೆ ಎರಡು ಅರ್ಥ ಎಂದಮೇಲೆ ಎರಡು ಟೈಪ್ ಬೇಕೇ ಬೇಕು. ‘ಅಳತೆ’ಯಲ್ಲಿ ವಿಸ್ತೀರ್ಣವನ್ನು ಆಣೆಯ ಪೂರ್ಣಾಂಕವಾಗಿ ಇಡಿ (ಗುಂಟೆಗೆ 16 ಆಣೆ), ನ್ಯೂಟೈಪ್‌ನಲ್ಲಿ (ಇರುವ ಟೈಪಿಗೆ ಹೊದಿಸುವ ಹೊಸ ಹೆಸರಿನ ಟೈಪಿನಲ್ಲಿ) ಸುತ್ತಿ, ಅದರ ಮೌಲ್ಯ ಕಟ್ಟುವ ಕನ್‌ಸ್ಟ್ರಕ್ಟರನ್ನು ಹೊರಗೆ ಬಿಡಬೇಡಿ. ಕನ್‌ಸ್ಟ್ರಕ್ಟರ್ ಹೊರಗಿಲ್ಲದಿದ್ದರೆ ಒಳಗಿನ ರೂಪವನ್ನು ನಾಳೆ ಬದಲಿಸಿದರೂ ಬಳಕೆದಾರರ ಕೋಡ್ ಮುರಿಯುವುದಿಲ್ಲ. ಕ್ಯೂಸೆಕ್ ಹರಿವಿನ ವೇಗ, ಟಿಎಂಸಿ ಪ್ರಮಾಣ. ಎರಡನ್ನೂ ಕೂಡಿಸಲು ಟೈಪ್ ಬಿಡಬಾರದು. ದಿನವಿಡೀ ಹರಿದ ಒಂದು ಕ್ಯೂಸೆಕ್ ಎಂದರೆ 86,400 ಘನ ಅಡಿ. ಒಂದು ಟಿಎಂಸಿ ತುಂಬಲು ಸುಮಾರು 11,574 ಕ್ಯೂಸೆಕ್ ಇಡೀ ದಿನ ಬರಬೇಕು. ಈ ಗುಣಾಂಕ ಒಂದೇ ಫೈಲಿನಲ್ಲಿ, ಒಂದೇ ಸಲ ಇರಲಿ.

ಹೆಸರು, ಖಾತೆ, ಪರವಾನಗಿ

ಹ್ಯಾಸ್ಕೆಲ್ ಸಮುದಾಯದ ಕೇಂದ್ರ ಉಗ್ರಾಣ ಹ್ಯಾಕೇಜ್. ಅಲ್ಲಿ ಒಮ್ಮೆ ಪ್ರಕಟವಾದ ಆವೃತ್ತಿಯನ್ನು ಹಿಂತೆಗೆಯಲಾಗದು, ಹೆಸರನ್ನು ಬದಲಿಸಲೂ ಆಗದು. ಪ್ಯಾಕೇಜ್ ಹೆಸರು ರೋಮನ್ ಅಕ್ಷರ, ಅಂಕಿ, ಅಡ್ಡಗೆರೆಯಲ್ಲೇ ಇರಬೇಕಾದ್ದರಿಂದ ನಮ್ಮವರಿಗೆ ಒಂದು ವಿಶೇಷ ತಾಪತ್ರಯ: ‘ಅಳತೆ’ಯ ತಕಾರಕ್ಕೆ ಟಿ ಒಂದೇ ಸಾಕೋ, ಟಿ ಜೊತೆ ಎಚ್ ಬೇಕೋ? ‘ಳ’ಕ್ಕೆ ಒಂದು ಎಲ್ಲೋ ಎರಡೋ? ಮೊದಲ ದಿನವೇ ಕೂತು ಲಿಪ್ಯಂತರದ ನಿಯಮ ಬರೆದಿಡಿ. ಇಲ್ಲವಾದರೆ ಒಬ್ಬರು ಪ್ಯಾಕೇಜಿಗೊಂದು ಕಾಗುಣಿತ, ಇನ್ನೊಬ್ಬರು ಮಾಡ್ಯೂಲಿಗೊಂದು ಕಾಗುಣಿತ ಬಳಸಿ, ಹುಡುಕುವವರು ಸುಸ್ತಾಗುತ್ತಾರೆ.

ಹ್ಯಾಕೇಜ್ ಖಾತೆ ತೆರೆದ ಮಾತ್ರಕ್ಕೆ ಅಪ್‌ಲೋಡ್ ಹಕ್ಕು ಬರುವುದಿಲ್ಲ, ಅದಕ್ಕೆ ಬೇರೆಯಾಗಿ ಅನುಮತಿ ಕೇಳಬೇಕು. ಬಿಡುಗಡೆಯ ಹಿಂದಿನ ರಾತ್ರಿ ಇದು ನೆನಪಾದರೆ ಫಲವಿಲ್ಲ. ಗುಂಪಿನಲ್ಲಿ ಕನಿಷ್ಠ ಮೂವರು ತಮ್ಮ ತಮ್ಮ ಹೆಸರಿನಲ್ಲಿ ಹಕ್ಕು ಪಡೆದು, ಪ್ರತಿ ಪ್ಯಾಕೇಜಿನ ನಿರ್ವಾಹಕರ ಪಟ್ಟಿಗೆ ಸೇರಲಿ. ಒಂದೇ ಖಾತೆಯ ಪಾಸ್‌ವರ್ಡನ್ನು ಎಲ್ಲರಿಗೂ ಹಂಚುವ ಚಾಳಿ ಬೇಡ: ಯಾರು ಏನು ಏರಿಸಿದರು ಎಂಬುದೇ ತಿಳಿಯದಂತಾಗುತ್ತದೆ.

ಪರವಾನಗಿ ಎರಡನೆಯ ಕೊಡುಗೆದಾರ ಬರುವ ಮೊದಲೇ ಗೊತ್ತಾಗಿರಲಿ. ಹ್ಯಾಸ್ಕೆಲ್ ಲೋಕದಲ್ಲಿ ಬಿಎಸ್‌ಡಿ-3 ರೂಢಿ. ಆಮೇಲೆ ಬದಲಿಸಬೇಕೆಂದರೆ ಕೋಡ್ ಕೊಟ್ಟ ಪ್ರತಿಯೊಬ್ಬರ ಒಪ್ಪಿಗೆ ಬೇಕು.

ಆವೃತ್ತಿ ಸಂಖ್ಯೆಯೂ ಪಹಣಿಯ ಲೆಕ್ಕವೇ

ಆವೃತ್ತಿ 0.9 ಆದಮೇಲೆ 0.10. ಇದನ್ನು ದಶಮಾಂಶವಾಗಿ ಓದಿದವರಿಗೆ 0.10 ಹಿಂದಿನದಾಗಿ ಕಾಣುತ್ತದೆ. ಎರಡು ಎಕರೆ ಐದು ಗುಂಟೆಗಿಂತ ಎರಡು ಎಕರೆ ಹತ್ತು ಗುಂಟೆ ದೊಡ್ಡದು ಎಂದು ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಿಲ್ಲ; ಇಲ್ಲೂ ಅಷ್ಟೇ.

ಹ್ಯಾಕೇಜ್ ಅನುಸರಿಸುವುದು ಪಿವಿಪಿ (ಪ್ಯಾಕೇಜ್ ವರ್ಷನಿಂಗ್ ಪಾಲಿಸಿ) ಎಂಬ ನಿಯಮ. ನಾಲ್ಕು ಅಂಕಿಗಳಿದ್ದರೆ ಮೊದಲ ಎರಡೂ ಸೇರಿ ‘ದೊಡ್ಡ ಆವೃತ್ತಿ’. ಜಾವಾಸ್ಕ್ರಿಪ್ಟ್ ಕಡೆಯಿಂದ ಬಂದವರು ಎಡವುವುದು ಇಲ್ಲೇ: ಅಲ್ಲಿ 1.4ರಿಂದ 1.5ಕ್ಕೆ ಹೋದರೆ ಏನೂ ಮುರಿಯಬಾರದು, ಇಲ್ಲಿ 1.4ರಿಂದ 1.5 ಎಂದರೆ ಮುರಿಯಬಹುದು ಎಂದೇ ಅರ್ಥ. ಫಂಕ್ಷನ್ ತೆಗೆದರೆ, ಟೈಪ್ ಬದಲಿಸಿದರೆ, ಇನ್‌ಸ್ಟೆನ್ಸ್ (ಒಂದು ಟೈಪನ್ನು ಒಂದು ಕ್ಲಾಸಿಗೆ, ಅಂದರೆ ಫಂಕ್ಷನ್‌ಗಳ ಒಂದು ಗುಂಪಿಗೆ, ಹೊಂದಿಸುವ ಕೋಡ್) ತೆಗೆದರೆ, ಅನಾಥ ಇನ್‌ಸ್ಟೆನ್ಸ್ (ಆ ಟೈಪಾಗಲಿ ಕ್ಲಾಸಾಗಲಿ ಇಲ್ಲದ ಮಾಡ್ಯೂಲಿನಲ್ಲಿ ಬರೆದದ್ದು) ಸೇರಿಸಿದರೆ ಮೊದಲ ಎರಡರಲ್ಲೊಂದು ಏರಬೇಕು. ಹೊರಗೆ ತೆರೆದಿಟ್ಟ ಡೇಟಾ ಟೈಪಿಗೆ ಹೊಸ ಕನ್‌ಸ್ಟ್ರಕ್ಟರ್ ಸೇರಿಸುವುದೂ ಇದೇ ಲೆಕ್ಕಕ್ಕೆ ಬರುತ್ತದೆ. ‘ಸೇರಿಸಿದ್ದಷ್ಟೇ ಅಲ್ಲವೇ’ ಎನ್ನಬೇಡಿ, ಬಳಕೆದಾರರ ಪ್ಯಾಟರ್ನ್ ಮ್ಯಾಚ್ ಅಪೂರ್ಣವಾಗುತ್ತದೆ. ಹೊಸ ಫಂಕ್ಷನ್, ಹೊಸ ಮಾಡ್ಯೂಲ್ ಮಾತ್ರ ಸೇರಿದ್ದರೆ ಮೂರನೆಯ ಅಂಕಿ. ಒಳಗಿನ ರಿಪೇರಿಗೆ ನಾಲ್ಕನೆಯದು.

ನಿಯಮದ ಕಣ್ಣಿಗೆ ಬೀಳದ ಒಂದು ಬದಲಾವಣೆಯಿದೆ: ಟೈಪ್ ಅದೇ, ನಡವಳಿಕೆ ಬೇರೆ. ‘ಪಠ್ಯ’ದ ಶುದ್ಧೀಕರಣ ಫಂಕ್ಷನ್ ನಿನ್ನೆ ಬಿಟ್ಟುಬಿಡುತ್ತಿದ್ದ ಅಕ್ಷರವನ್ನು ಇಂದು ಉಳಿಸಿಕೊಂಡರೆ ಕಂಪೈಲರ್‌ಗೆ ಗೊತ್ತಾಗದು, ಡೇಟಾಬೇಸಿನ ಕೀಗಳಿಗೆ ಗೊತ್ತಾಗುತ್ತದೆ. ಇಂಥದಕ್ಕೂ ದೊಡ್ಡ ಆವೃತ್ತಿಯನ್ನೇ ಏರಿಸಿ. ಅಂಕಿಗೆ ದುಡ್ಡು ಕೊಡಬೇಕಿಲ್ಲ.

ಕೆಳಮಿತಿ, ಮೇಲ್ಮಿತಿ

ನಮ್ಮ ಲೈಬ್ರರಿಗೆ ಬೇಕಾದ ಇನ್ನೊಂದು ಲೈಬ್ರರಿಯ ಯಾವ ಆವೃತ್ತಿಯಿಂದ ಯಾವ ಆವೃತ್ತಿಯವರೆಗೆ ನಡೆಯುತ್ತದೆ ಎಂಬುದೇ ಮಿತಿ. ಗುಂಪುಗಳು ಜಗಳವಾಡುವುದು ಈ ವಿಷಯಕ್ಕೇ, ಆದ್ದರಿಂದ ನಿಧಾನವಾಗಿ ನೋಡೋಣ.

ಹ್ಯಾಸ್ಕೆಲ್ ಕೋಡನ್ನು ಬಿಲ್ಡ್ ಮಾಡುವ ಉಪಕರಣ ಕಬಾಲ್. ಅದು ಒಂದು ಬಿಲ್ಡ್ ಯೋಜನೆಯಲ್ಲಿ ಪ್ರತಿ ಲೈಬ್ರರಿಯ ಒಂದೇ ಆವೃತ್ತಿಯನ್ನು ಆರಿಸುತ್ತದೆ. ಕಾರಣ ಸರಳ: ಟೆಕ್ಸ್ಟ್ ಎಂಬ ಪಠ್ಯ ಲೈಬ್ರರಿಯ 1.2ರ ಟೆಕ್ಸ್ಟ್ ಟೈಪ್ ಬೇರೆ, 2.0ರದು ಬೇರೆ. ಹೆಸರು ಒಂದೇ ಆದರೂ ಒಂದರ ಮೌಲ್ಯವನ್ನು ಇನ್ನೊಂದರ ಫಂಕ್ಷನ್‌ಗೆ ಕೊಡಲಾಗದು. ‘ಪಹಣಿ’ಗೆ ಟೆಕ್ಸ್ಟ್ 1.2 ಮಾತ್ರ ಸಾಕು ಎಂದೂ ‘ಜಲಾಶಯ’ಕ್ಕೆ 2.0ಕ್ಕಿಂತ ಮೇಲೇ ಬೇಕು ಎಂದೂ ಬರೆದಿದ್ದರೆ ಎರಡನ್ನೂ ಬಳಸುವ ಅಪ್ಲಿಕೇಶನ್‌ಗೆ ಪರಿಹಾರವೇ ಇಲ್ಲ. ಈಸನ್ 2.0 ಬಂದು 2021ರಲ್ಲಿ ಆಬ್ಜೆಕ್ಟಿನ ಒಳಗಿನ ಹ್ಯಾಶ್‌ಮ್ಯಾಪ್ ಜಾಗಕ್ಕೆ ಕೀಮ್ಯಾಪ್ ಕೂತಾಗ ಅದನ್ನು ಅವಲಂಬಿಸಿದ್ದ ಲೈಬ್ರರಿಗಳೆಲ್ಲ ಒಂದೊಂದಾಗಿ ದಾಟಬೇಕಾಯಿತು. ಕೊನೆಯವರು ದಾಟುವ ತನಕ ಮೊದಲು ದಾಟಿದವರೂ ಕಾಯಬೇಕು.

ಮಿತಿ ಬರೆಯುವಾಗ ^>= ಗುರುತು ಅನುಕೂಲ. ^>= 1.2.3 ಎಂದರೆ 1.2.3 ಅಥವಾ ಮೇಲಿನದು, ಆದರೆ 1.3ಕ್ಕಿಂತ ಕೆಳಗೆ. ಬೇಸ್‌ಗೆ ಮಾತ್ರ ವ್ಯಾಪ್ತಿಯನ್ನು ಬಿಡಿಸಿ ಬರೆಯಿರಿ, ಏಕೆಂದರೆ ಬೇಸ್ ಆವೃತ್ತಿ ಹ್ಯಾಸ್ಕೆಲ್‌ನ ಕಂಪೈಲರ್ ಜಿಎಚ್‌ಸಿಗೆ ಗಂಟುಬಿದ್ದಿದೆ: ಜಿಎಚ್‌ಸಿ 9.4ಕ್ಕೆ ಬೇಸ್ 4.17, 9.6ಕ್ಕೆ 4.18, 9.8ಕ್ಕೆ 4.19, 9.10ಕ್ಕೆ 4.20. ಈ ನಾಲ್ಕನ್ನೂ ಬೆಂಬಲಿಸುವುದಾದರೆ >= 4.17 && < 4.21.

ಮೇಲ್ಮಿತಿ ಎಂದರೆ ‘ಇಲ್ಲಿಯವರೆಗೆ ಪರೀಕ್ಷಿಸಿದ್ದೇವೆ’ ಎಂಬ ಮಾತು. ಅದಿಲ್ಲದೆ ಪ್ರಕಟಿಸಿದರೆ ಇವತ್ತು ಸಲೀಸು, ಎರಡು ವರ್ಷದ ನಂತರ ಬಳಕೆದಾರರಿಗೆ ಅರ್ಥವಾಗದ ದೋಷಸಂದೇಶ. ಕೆಳಮಿತಿಯದು ಇನ್ನೊಂದು ರೋಗ: ಅದನ್ನು ಯಾರೂ ಪರೀಕ್ಷಿಸುವುದಿಲ್ಲ. ಮೆಗಾಪಾರ್ಸೆಕ್ >= 7 ಎಂದು ಬರೆದು 9ರ ಫಂಕ್ಷನ್ ಬಳಸಿರುತ್ತಾರೆ. ಕಬಾಲ್‌ನ ‘ಪ್ರಿಫರ್-ಓಲ್ಡೆಸ್ಟ್’ ಆಯ್ಕೆ ಕೊಟ್ಟು ಬಿಲ್ಡ್ ಮಾಡಿದರೆ ಅತ್ಯಂತ ಹಳೆಯ ಆವೃತ್ತಿಗಳನ್ನೇ ಆರಿಸುತ್ತದೆ, ಸುಳ್ಳು ಕೆಳಮಿತಿಗಳೆಲ್ಲ ಬಯಲಾಗುತ್ತವೆ. ಮೊದಲ ಸಲ ಓಡಿಸಿದಾಗ ನಾಲ್ಕು ಲೈಬ್ರರಿಯಲ್ಲಿ ಒಂದಾದರೂ ಬೀಳದಿದ್ದರೆ ನಿಮ್ಮ ಗುಂಪು ಅಪರೂಪದ್ದು.

ನಾಲ್ಕೂ ಒಂದೇ ಅಂಗಳದಲ್ಲಿ

ನಾಲ್ಕು ಲೈಬ್ರರಿಗೆ ನಾಲ್ಕು ರೆಪೊಸಿಟರಿ ಬೇಡ. ಒಂದೇ ರೆಪೊಸಿಟರಿ, ನಾಲ್ಕು ಫೋಲ್ಡರ್, ಮೇಲೊಂದು ಕಬಾಲ್.ಪ್ರಾಜೆಕ್ಟ್ ಫೈಲ್. ‘ಅಳತೆ’ ಬದಲಿಸಿದವರಿಗೆ ‘ಪಹಣಿ’ ಮುರಿದದ್ದು ಅಲ್ಲೇ, ಆಗಲೇ ಕಾಣುತ್ತದೆ. ಪ್ರಾಜೆಕ್ಟ್ ಫೈಲಿನಲ್ಲಿ ‘ಇಂಡೆಕ್ಸ್-ಸ್ಟೇಟ್’ ಎಂದು ಒಂದು ದಿನಾಂಕ, ವೇಳೆ ಬರೆದಿಡಿ. ಆ ಕ್ಷಣದವರೆಗಿನ ಹ್ಯಾಕೇಜ್ ಮಾತ್ರ ಕಬಾಲ್‌ಗೆ ಕಾಣುತ್ತದೆ, ಮೈಸೂರಿನವರ ಲ್ಯಾಪ್‌ಟಾಪಿನಲ್ಲೂ ಮಂಡ್ಯದ ಕಾಲೇಜು ಲ್ಯಾಬಿನಲ್ಲೂ ಒಂದೇ ಯೋಜನೆ ಬರುತ್ತದೆ. ತಿಂಗಳಿಗೊಮ್ಮೆ ಆ ದಿನಾಂಕವನ್ನು ಮುಂದಕ್ಕೆ ತಂದು, ‘ಕಬಾಲ್ ಔಟ್‌ಡೇಟೆಡ್’ ಓಡಿಸಿ ಯಾವ ಮೇಲ್ಮಿತಿ ಹಿಂದುಳಿದಿದೆ ಎಂದು ನೋಡಿ. ಪ್ರತಿ ಆವೃತ್ತಿಯನ್ನೂ ಗಟ್ಟಿಯಾಗಿ ಕಟ್ಟಿಹಾಕುವ ಫ್ರೀಜ್ ಫೈಲ್ ಅಪ್ಲಿಕೇಶನ್‌ಗಳಿಗೆ ಸರಿ. ಲೈಬ್ರರಿಯಲ್ಲಿ ಅದರ ಮೇಲೆ ನೆಚ್ಚಿಕೊಂಡರೆ ನಿಮ್ಮ ಮಿತಿಗಳು ನಿಜವೋ ಸುಳ್ಳೋ ತಿಳಿಯುವುದೇ ಇಲ್ಲ.

ಪ್ರತಿ ಕಬಾಲ್ ಫೈಲಿನ ಮೊದಲ ಸಾಲು ಕಬಾಲ್-ವರ್ಷನ್ 3.0. ‘ಟೆಸ್ಟೆಡ್-ವಿತ್’ ಸಾಲಿನಲ್ಲಿ ನಾಲ್ಕು ಕಂಪೈಲರ್‌ಗಳನ್ನು ಬರೆಯಿರಿ. ಹ್ಯಾಸ್ಕೆಲ್-ಸಿಐ ಎಂಬ ಉಪಕರಣ ಅದನ್ನೇ ಓದಿ ಸಿಐಗೆ (ಪ್ರತಿ ಬದಲಾವಣೆಯನ್ನೂ ತಾನಾಗಿ ಬಿಲ್ಡ್ ಮಾಡಿ ಪರೀಕ್ಷಿಸುವ ವ್ಯವಸ್ಥೆಗೆ) ಬೇಕಾದ ಗಿಟ್‌ಹಬ್ ಆಕ್ಷನ್ಸ್‌ನ ಫೈಲ್ ಬರೆದುಕೊಡುತ್ತದೆ. ಲ್ಯಾಬಿನ ಯಂತ್ರಗಳಲ್ಲಿ ಕಂಪೈಲರ್ ಅಳವಡಿಸುವ ಜಿಎಚ್‌ಸಿಅಪ್‌ನಿಂದ ನಾಲ್ಕನ್ನೂ ಹಾಕಲು ಹೋಗಬೇಡಿ, ಒಂದೊಂದೂ ಗಿಗಾಬೈಟ್ ಲೆಕ್ಕದಲ್ಲಿ ಜಾಗ ತಿನ್ನುತ್ತದೆ. ಸ್ಥಳೀಯವಾಗಿ ಒಂದು, ಉಳಿದದ್ದು ಸಿಐಗೆ.

ಎಚ್ಚರಿಕೆಗಳನ್ನೆಲ್ಲ ದೋಷವಾಗಿಸುವ ‘ವೆರರ್’ ಸಿಐನಲ್ಲಿ ಮಾತ್ರ ಇರಲಿ, ಕಬಾಲ್ ಫೈಲಿಗೆ ಬರಬಾರದು. ಬೇಸ್ 4.20ರಲ್ಲಿ ಎಡಮಡಿಕೆಯ ಕಟ್ಟುನಿಟ್ಟಿನ ಫಂಕ್ಷನ್ (foldl') ತಾನಾಗಿ ಆಮದಾಗುವ ಪ್ರೆಲ್ಯೂಡ್ ಮಾಡ್ಯೂಲಿಗೇ ಬಂತು. ಅದನ್ನು ಲಿಸ್ಟ್ ಮಾಡ್ಯೂಲಿನಿಂದ ಆಮದು ಮಾಡಿಕೊಂಡಿದ್ದ ಸರಿಯಾದ ಕೋಡೆಲ್ಲ ‘ಅನಗತ್ಯ ಆಮದು’ ಎಂಬ ಎಚ್ಚರಿಕೆ ಪಡೆಯಿತು. ವೆರರ್ ಹಚ್ಚಿ ಪ್ರಕಟಿಸಿದವರ ಬಳಕೆದಾರರಿಗೆ ಅಷ್ಟಕ್ಕೇ ಬಿಲ್ಡ್ ನಿಂತುಹೋಗುತ್ತದೆ.

ಇನ್ನು ಅನಾಥ ಇನ್‌ಸ್ಟೆನ್ಸ್. ಟಿಎಂಸಿ ಟೈಪ್ ‘ಅಳತೆ’ಯದು, ಜೇಸನ್ ಕ್ಲಾಸ್ ಈಸನ್‌ನದು. ಎರಡರ ನಡುವಿನ ಇನ್‌ಸ್ಟೆನ್ಸನ್ನು ‘ಜಲಾಶಯ’ದಲ್ಲಿ ಬರೆದರೆ ಅದು ಅನಾಥ. ಮುಂದಿನ ತಿಂಗಳು ‘ಪಹಣಿ’ಯವರೂ ತಮ್ಮದೊಂದು ಬರೆಯುತ್ತಾರೆ. ಎರಡೂ ಒಂದು ಅಪ್ಲಿಕೇಶನ್‌ನಲ್ಲಿ ಸೇರಿ ಆ ಇನ್‌ಸ್ಟೆನ್ಸ್ ಬೇಕಾದ ಜಾಗ ಬಂದಾಗ ಕಂಪೈಲರ್ ಕೈಚೆಲ್ಲುತ್ತದೆ. ‘ಅಳತೆ’ಗೇ ಈಸನ್ ಕಟ್ಟಿದರೆ ಹಗುರವಾದ ಲೈಬ್ರರಿ ಭಾರವಾಗುತ್ತದೆ. ಹಾಗಾಗಿ ‘ಅಳತೆ-ಈಸನ್’ ಎಂಬ ಐದನೆಯ ಪುಟ್ಟ ಪ್ಯಾಕೇಜ್ ಮಾಡಿ, ಇನ್‌ಸ್ಟೆನ್ಸ್‌ಗಳು ಅಲ್ಲಿ ಮಾತ್ರ ಇರಬೇಕು ಎಂದು ಗುಂಪು ಒಪ್ಪಲಿ. ಅಲ್ಲೂ ಅವು ಅನಾಥವೇ, ಆದರೆ ಒಂದೇ ಮನೆಯ ಅನಾಥ.

ಕನ್ನಡ ಪಠ್ಯ ಒಂದೇ ಕಡೆ ಶುದ್ಧವಾಗಲಿ

‘ಮೈಸೂರು’ ಪದದ ಉದ್ದ ಎಷ್ಟು? ಟೆಕ್ಸ್ಟ್ ಲೈಬ್ರರಿಯ ಲೆಂಗ್ತ್ ಫಂಕ್ಷನ್ ಯೂನಿಕೋಡ್ ಬಿಂದುಗಳನ್ನು ಎಣಿಸುತ್ತದೆ: ಕೂಡಿಸಿದ ರೂಪದಲ್ಲಿ 6, ಬಿಡಿಸಿದ ರೂಪದಲ್ಲಿ 7. ಐಕಾರದ ಗುರುತನ್ನು ಒಂದೇ ಬಿಂದುವಾಗಿಯೂ ಎತ್ವ ಮತ್ತು ಐತ್ವದ ಬಾಲ ಎಂಬ ಎರಡು ಬಿಂದುವಾಗಿಯೂ ಬರೆಯಬಹುದಾದ್ದೇ ಇದಕ್ಕೆ ಕಾರಣ. ಕಣ್ಣಿಗೆ ಎರಡೂ ಒಂದೇ, ಮ್ಯಾಪಿನಲ್ಲಿ ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ದೀರ್ಘ ಈಕಾರ, ಏಕಾರ, ಒಕಾರ, ಓಕಾರದ ಗುರುತುಗಳಿಗೂ ಇದೇ ಗತಿ.

ಯೂನಿಕೋಡಿನ ಕೂಡಿಸಿದ ರೂಪವಾದ ಎನ್‌ಎಫ್‌ಸಿ ರೂಪಕ್ಕೆ ತಂದರೆ ಇದು ಬಗೆಹರಿಯುತ್ತದೆ. ಬಗೆಹರಿಯದ್ದು ಅಗೋಚರ ಅಕ್ಷರ: ‘ಕೆಆರ್‌ಎಸ್’ ಎಂದು ಬರೆಯುವಾಗ ರ್ ನಂತರ ಒಬ್ಬರು ಶೂನ್ಯ ಅಗಲದ ಬೇರ್ಪಡಿಕೆ ಗುರುತು ಹಾಕಿರುತ್ತಾರೆ, ಇನ್ನೊಬ್ಬರು ಹಾಕಿರುವುದಿಲ್ಲ. ಎನ್‌ಎಫ್‌ಸಿ ಅದನ್ನು ಮುಟ್ಟುವುದಿಲ್ಲ. ಎಲ್ಲ ಕಡೆ ಕಿತ್ತುಹಾಕಿದರೆ ಒತ್ತಕ್ಷರ ಬೇಡವೆಂದೇ ಅದನ್ನು ಹಾಕಿದ ಪದಗಳ ರೂಪ ಕೆಡುತ್ತದೆ. ಆದ್ದರಿಂದ ‘ಪಠ್ಯ’ದಲ್ಲಿ ಎರಡು ಫಂಕ್ಷನ್ ಇರಲಿ: ತೋರಿಸಲು ಒಂದು, ಹೋಲಿಸಲು ಇನ್ನೊಂದು. ಹೋಲಿಕೆಯ ಫಲಿತಾಂಶಕ್ಕೆ ಬೇರೆಯೇ ನ್ಯೂಟೈಪ್ ಕೊಡಿ. ಆಗ ‘ಪಹಣಿ’ಯಾಗಲಿ ‘ಜಲಾಶಯ’ವಾಗಲಿ ಶುದ್ಧಮಾಡದ ಪಠ್ಯವನ್ನು ಕೀ ಆಗಿ ಬಳಸಲು ಸಾಧ್ಯವೇ ಆಗದು.

ಇದಕ್ಕೆ ಯೂನಿಕೋಡ್-ಟ್ರಾನ್ಸ್‌ಫಾರ್ಮ್ಸ್ ಪ್ಯಾಕೇಜ್ ಸಾಕು. ಟೆಕ್ಸ್ಟ್-ಐಸಿಯು ಹೆಚ್ಚು ಮಾಡಬಲ್ಲದು, ಆದರೆ ಅದಕ್ಕೆ ಸಿ ಭಾಷೆಯ ಐಸಿಯು ಲೈಬ್ರರಿ ಬೇಕು. ವಿಂಡೋಸ್ ಲ್ಯಾಬಿನಲ್ಲಿ ಅದನ್ನು ಕೂರಿಸುವುದರಲ್ಲೇ ಒಂದು ಮಧ್ಯಾಹ್ನ ಕಳೆಯುತ್ತದೆ. ಫೈಲ್ ಓದುವಾಗಲೂ ಎಚ್ಚರ: ಜಿಎಚ್‌ಸಿ ಯಂತ್ರದ ಲೊಕೇಲನ್ನು (ಭಾಷೆ, ಅಕ್ಷರ ಸಂಕೇತದ ಹೊಂದಿಕೆಯನ್ನು) ನಂಬುತ್ತದೆ, ಲೊಕೇಲ್ ಯುಟಿಎಫ್-8 ಅಲ್ಲದಿದ್ದರೆ ಮೊದಲ ಕನ್ನಡ ಅಕ್ಷರಕ್ಕೇ ಪ್ರೋಗ್ರಾಂ ಬೀಳಬಹುದು, ಇಲ್ಲವೇ ಅಕ್ಷರಗಳು ಕೆಡಬಹುದು. ಬೈಟ್‌ಸ್ಟ್ರಿಂಗ್ ಆಗಿ ಓದಿ, ಆಮೇಲೆ ಯುಟಿಎಫ್-8 ಎಂದು ಸ್ಪಷ್ಟವಾಗಿ ಬಿಡಿಸಿ.

ಬಿಡುಗಡೆಯ ದಿನ

ಸರದಿ ಯಾವಾಗಲೂ ಕೆಳಗಿನಿಂದ ಮೇಲಕ್ಕೆ: ‘ಅಳತೆ’ ಮತ್ತು ‘ಪಠ್ಯ’, ನಂತರ ‘ಅಳತೆ-ಈಸನ್’, ಕೊನೆಗೆ ‘ಪಹಣಿ’ ಮತ್ತು ‘ಜಲಾಶಯ’.

1. ಪ್ರತಿ ಫೋಲ್ಡರಿನಲ್ಲಿ ‘ಕಬಾಲ್ ಚೆಕ್’. ಅದು ಗೊಣಗಿದ್ದನ್ನೆಲ್ಲ ಸರಿಪಡಿಸಿ.

2. ಹಂಚುವ ಕಂತೆ ಕಟ್ಟುವ ‘ಕಬಾಲ್ ಎಸ್‌ಡಿಸ್ಟ್’ ಮಾಡಿ, ಬಂದ ಐದು ಟಾರ್ ಫೈಲುಗಳನ್ನು ಇನ್ನೊಂದು ಖಾಲಿ ಫೋಲ್ಡರಿನಲ್ಲಿ ಬಿಚ್ಚಿ, ಅಲ್ಲಿನ ಪ್ರಾಜೆಕ್ಟ್ ಫೈಲಿನಲ್ಲಿ ಪ್ಯಾಕೇಜುಗಳಾಗಿ ಕೊಟ್ಟು ಬಿಲ್ಡ್ ಮಾಡಿ, ಪರೀಕ್ಷೆ ಓಡಿಸಿ. ಈ ಹೆಜ್ಜೆಯನ್ನು ಬಿಡಬೇಡಿ. ರೆಪೊಸಿಟರಿಯಲ್ಲಿ ಇದ್ದು ಕಬಾಲ್ ಫೈಲಿನ ಪಟ್ಟಿಗೆ ಸೇರದ ಮಾಡ್ಯೂಲ್, ಪರೀಕ್ಷೆಗೆ ಬೇಕಾದ ಮಾದರಿ ಪಹಣಿ ಫೈಲ್, ಇವೆಲ್ಲ ಸಿಕ್ಕಿಬೀಳುವುದು ಇಲ್ಲೇ.

3. ‘ಕಬಾಲ್ ಅಪ್‌ಲೋಡ್’ ತಾನಾಗಿ ಕ್ಯಾಂಡಿಡೇಟ್ (ಇನ್ನೂ ಪ್ರಕಟವಾಗದ ಕರಡು) ಆಗಿ ಏರಿಸುತ್ತದೆ. ಪುಟ ನೋಡಿ, ಬದಲಾವಣೆಯ ಪಟ್ಟಿ ಓದಿ, ಬರೆದವರಲ್ಲದ ಇನ್ನೊಬ್ಬರಿಂದ ಒಪ್ಪಿಗೆ ಪಡೆಯಿರಿ. ಕ್ಯಾಂಡಿಡೇಟ್ ಮುಖ್ಯ ಸೂಚಿಯಲ್ಲಿ ಇರುವುದಿಲ್ಲವಾದ್ದರಿಂದ ಅದನ್ನು ಅವಲಂಬಿಸಿ ಮೇಲಿನ ಲೈಬ್ರರಿ ಪರೀಕ್ಷಿಸಲಾಗದು. ಅದಕ್ಕೇ ಎರಡನೆಯ ಹೆಜ್ಜೆ.

4. ‘ಪಬ್ಲಿಷ್’ ಆಯ್ಕೆಯೊಂದಿಗೆ ಮತ್ತೆ ಅಪ್‌ಲೋಡ್. ಗಿಟ್‌ನಲ್ಲಿ ಪ್ಯಾಕೇಜ್ ಹೆಸರು ಸೇರಿದ ಟ್ಯಾಗ್ ಹಾಕಿ, ಬರೀ ಅಂಕಿಯ ಟ್ಯಾಗ್ ಐದು ಪ್ಯಾಕೇಜ್ ಇರುವಲ್ಲಿ ಗೊಂದಲ.

5. ‘ಕಬಾಲ್ ಅಪ್‌ಡೇಟ್’ ಮಾಡಿ, ಇಂಡೆಕ್ಸ್-ಸ್ಟೇಟ್ ಮುಂದೆ ತಂದು, ಹೊಸ ಆವೃತ್ತಿ ಸೂಚಿಯಲ್ಲಿ ಕಂಡ ಮೇಲೆಯೇ ಮುಂದಿನ ಲೈಬ್ರರಿ.

ಕೋಡಿನ ಟಿಪ್ಪಣಿಗಳಿಂದ ತಯಾರಾಗುವ ಹ್ಯಾಡಕ್ ದಾಖಲೆ ಹ್ಯಾಕೇಜಿನಲ್ಲಿ ತಡವಾಗಿ ಮೂಡಬಹುದು. ಕಾಯಲಾಗದಿದ್ದರೆ ಹ್ಯಾಕೇಜಿಗೆಂದೇ ಇರುವ ಹ್ಯಾಡಕ್ ಆಯ್ಕೆಯಲ್ಲಿ ತಯಾರಿಸಿ ನೀವೇ ಏರಿಸಿ.

ಮುರಿದಾಗ

ಹೊಸ ಜಿಎಚ್‌ಸಿ ಬಂದಿದೆ, ಕೋಡ್ ಬದಲಿಸಬೇಕಿಲ್ಲ, ಮೇಲ್ಮಿತಿ ಮಾತ್ರ ಅಡ್ಡ. ಮೇಲ್ಮಿತಿಯನ್ನು ಕಡೆಗಣಿಸುವ ‘ಅಲೋ-ನ್ಯೂಯರ್’ ಆಯ್ಕೆ ಕೊಟ್ಟು ಬಿಲ್ಡ್ ಮಾಡಿ, ಪರೀಕ್ಷೆಗಳು ಪಾಸಾದರೆ ಹೊಸ ಆವೃತ್ತಿ ಬೇಡ. ಹ್ಯಾಕೇಜಿನಲ್ಲಿ ‘ರಿವಿಷನ್’ ಮಾಡಿ ಮಿತಿ ಸಡಿಲಿಸಿದರೆ ಸಾಕು. ರಿವಿಷನ್ ಮಿತಿಯಂಥ ವಿವರಗಳನ್ನಷ್ಟೇ ಬದಲಿಸುತ್ತದೆ, ಕೋಡ್ ಹಾಗೇ ಇರುತ್ತದೆ. ಅದೇ ಬದಲಾವಣೆಯನ್ನು ರೆಪೊಸಿಟರಿಯ ಕಬಾಲ್ ಫೈಲಿನಲ್ಲೂ ಮಾಡಲು ಮರೆಯುವವರೇ ಹೆಚ್ಚು. ಮರೆತರೆ ಮುಂದಿನ ಬಿಡುಗಡೆಯಲ್ಲಿ ಹಳೆಯ ಬಿಗಿ ಮಿತಿ ವಾಪಸ್ ಬರುತ್ತದೆ.

ಇನ್ನೊಂದು ಸೋರಿಕೆ ಹುಡುಕುವುದು ಕಷ್ಟ. ‘ಅಳತೆ’ಯ 0.3ಕ್ಕೆ ಸರಿಯಾದ ಮೇಲ್ಮಿತಿ ಇದೆ, ಮೂರು ವರ್ಷ ಹಿಂದಿನ 0.1ಕ್ಕೆ ಮೇಲ್ಮಿತಿಯೇ ಇಲ್ಲ. ಹೊಸ ಕಂಪೈಲರ್ ಬಂದಾಗ ಕಬಾಲ್ ‘ಪರಿಹಾರ ಇಲ್ಲ’ ಎನ್ನುವುದಿಲ್ಲ. 0.3ನ್ನು ಬಿಟ್ಟು, ಏನನ್ನೂ ತಡೆಯದ 0.1ನ್ನು ಆರಿಸುತ್ತದೆ, ಬಳಕೆದಾರರ ಮುಂದೆ ಯಾವುದೋ ಕಾಲದ ಕೋಡಿನ ದೋಷ ಬಂದು ಬೀಳುತ್ತದೆ. ಬಿಲ್ಡ್ ಲಾಗಿನಲ್ಲಿ ನಿರೀಕ್ಷೆಗಿಂತ ಹಳೆಯ ಆವೃತ್ತಿ ಕಂಡರೆ ಇದೇ ರೋಗ. ಮದ್ದು: ಹಳೆಯ ಎಲ್ಲ ಆವೃತ್ತಿಗಳಿಗೂ ರಿವಿಷನ್ ಮಾಡಿ ಮೇಲ್ಮಿತಿ ಹಾಕಿ. ಆ ಆವೃತ್ತಿಯನ್ನು ‘ಡಿಪ್ರಿಕೇಟೆಡ್’ ಎಂದು ಗುರುತಿಸಿದರೆ ಸಾಲದು. ಅದು ಕಬಾಲ್‌ಗೆ ಒಲವು ತಗ್ಗಿಸುತ್ತದೆಯೇ ಹೊರತು ಬಾಗಿಲು ಮುಚ್ಚುವುದಿಲ್ಲ.

ಸ್ಟ್ಯಾಕೇಜ್

ಹ್ಯಾಕೇಜ್ ಉಗ್ರಾಣವಾದರೆ ಸ್ಟ್ಯಾಕೇಜ್ ಒಟ್ಟಿಗೆ ಬಿಲ್ಡ್ ಆಗುತ್ತವೆ ಎಂದು ಪರೀಕ್ಷಿಸಿ ಕಟ್ಟಿದ ಕಂತೆ, ಪ್ರತಿ ಪ್ಯಾಕೇಜಿನ ಒಂದೇ ಆವೃತ್ತಿ. ಅದರಲ್ಲಿ ಎರಡು ಬಗೆ: ನೈಟ್ಲಿ ಮುಂದೆ ಓಡುತ್ತದೆ, ದೀರ್ಘಾವಧಿಯ ಎಲ್‌ಟಿಎಸ್ ದೊಡ್ಡ ಬದಲಾವಣೆಗಳನ್ನು ಒಳಗೆ ಬಿಡುವುದಿಲ್ಲ. ಅವರ ರೆಪೊಸಿಟರಿಯ ಬಿಲ್ಡ್-ಕನ್‌ಸ್ಟ್ರೇಂಟ್ಸ್ ಫೈಲಿಗೆ ನಿಮ್ಮ ಪ್ಯಾಕೇಜ್ ಸೇರಿಸಿ ಪುಲ್ ರಿಕ್ವೆಸ್ಟ್ ಕಳಿಸಬೇಕು. ಸೇರಿದ ಮೇಲೆ ಅವರ ಎಚ್ಚರಿಕೆಗಳಿಗೆ ಉತ್ತರಿಸುವ ಹೊಣೆ ನಿಮ್ಮದು. ಮಿತಿ ಸಡಿಲಿಸದೆ ಕೂತರೆ ಪ್ಯಾಕೇಜ್ ಹೊರಬೀಳುತ್ತದೆ, ಅದನ್ನು ನೆಚ್ಚಿದವೂ ಜೊತೆಗೆ ಹೋಗುತ್ತವೆ. ‘ಅಳತೆ’ ಬಿದ್ದರೆ ‘ಪಠ್ಯ’ ಬಿಟ್ಟು ಉಳಿದವೆಲ್ಲ ಬಿದ್ದಂತೆ. ತಿಂಗಳಿಗೊಮ್ಮೆ ನೋಡುವವರು ಸಿಗದಿದ್ದರೆ ಈ ಹೆಜ್ಜೆ ಇನ್ನೊಂದು ವರ್ಷ ಕಾಯಲಿ.

ಕೈ ಬದಲಾಗುವಾಗ

ಎಂಟನೇ ಸೆಮಿಸ್ಟರ್ ಮುಗಿಸಿ ಬೆಂಗಳೂರಿನ ರೈಲು ಹತ್ತಿದವರ ಕಾಲೇಜು ಇಮೇಲ್ ಕೆಲವೇ ತಿಂಗಳಲ್ಲಿ ಸಾಯಬಹುದು. ಕಬಾಲ್ ಫೈಲಿನ ನಿರ್ವಾಹಕರ ಸಾಲಿನಲ್ಲಿ, ಹ್ಯಾಕೇಜ್ ಖಾತೆಯಲ್ಲಿ ಸ್ವಂತ ವಿಳಾಸವೇ ಇರಲಿ. ಸರದಿ ಮೂರು ತಿಂಗಳಿಗೊಮ್ಮೆ ಬದಲಾಗಲಿ. ಹೊಸಬರ ಮೊದಲ ಕೆಲಸ ಒಂದು ರಿವಿಷನ್, ಎರಡನೆಯದು ಒಂದು ಸಣ್ಣ ಬಿಡುಗಡೆ, ಹಳಬರು ಪಕ್ಕದಲ್ಲಿ ಕೂತಿರುವಾಗಲೇ. ಬಿಟ್ಟುಹೋಗುವವರು ನಿರ್ವಾಹಕರ ಪಟ್ಟಿಯಿಂದ ಹೊರಬರುವ ಮೊದಲು ಇನ್ನಿಬ್ಬರು ಅಲ್ಲಿದ್ದಾರೆಯೇ ಎಂದು ಪ್ರತಿ ಪ್ಯಾಕೇಜಿನ ಪುಟ ತೆರೆದು ಎಣಿಸಿ. ಪಟ್ಟಿಯಲ್ಲಿ ಯಾರೂ ಉಳಿಯದೆ ಹೋದರೆ ದಾರಿ ಉದ್ದ: ನಿರ್ವಹಣೆ ವಹಿಸಿಕೊಳ್ಳುವ ಇಚ್ಛೆಯನ್ನು ಬಹಿರಂಗವಾಗಿ ಹೇಳಿ, ಹಳಬರ ಉತ್ತರಕ್ಕೆ ಕಾದು, ನಂತರ ಹ್ಯಾಕೇಜ್ ಆಡಳಿತಗಾರರನ್ನು ಕೇಳಬೇಕು. ಅಷ್ಟರಲ್ಲಿ ತುರ್ತಾಗಿ ಮಿತಿಯೊಂದನ್ನು ಸರಿಮಾಡಬೇಕಾದರೆ ಹ್ಯಾಕೇಜ್ ಟ್ರಸ್ಟಿಗಳು (ಉಗ್ರಾಣದ ಮಿತಿಗಳನ್ನು ನೋಡಿಕೊಳ್ಳುವ ಸ್ವಯಂಸೇವಕರು) ರಿವಿಷನ್ ಮಾಡಿಕೊಡಬಲ್ಲರು; ಯಾವ ಆವೃತ್ತಿ, ಯಾವ ಮಿತಿ, ಯಾವ ಕಂಪೈಲರ್‌ನಲ್ಲಿ ಪರೀಕ್ಷಿಸಿದಿರಿ ಎಂಬುದನ್ನು ಲಾಗ್ ಸಮೇತ ಕೊಡಿ.